ಸೈನೈಡ್ ದಿಬ್ಬದ ಧೂಳು, ಹೊಲದ ಮಣ್ಣು, ಕೆರೆಯ ನೀರು

ಬಂಗಾರಪೇಟೆ ಮತ್ತು ಕೆಜಿಎಫ್ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಕೆರೆ ಬಳಕೆದಾರರ ಸಂಘಗಳಿಗೆ, ಊರೂರ ನೀರುಗಂಟಿಗಳಿಗೆ ಒಂದು ಬಹಿರಂಗ ಪತ್ರ



ಕೆಜಿಎಫ್‌ನ ಸೈನೈಡ್ ದಿಬ್ಬಗಳು ನೆಲದಾಳದಿಂದ ಎತ್ತಿ, ಅರೆದು, ಚಿನ್ನ ತೆಗೆದುಕೊಂಡ ಮೇಲೆ ಹೊರಗೆ ಸುರಿದ ಕಲ್ಲಿನ ಪುಡಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟಾಗಿನಿಂದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೆ ಈ ಗಣಿಗಳು 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟವು. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ದಾಟಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿದಿತ್ತು. ಚಿನ್ನ ಹೋದ ಮೇಲೆ ಉಳಿದ ಪುಡಿ ಎಲ್ಲೂ ಹೋಗಲಿಲ್ಲ. ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ, ಕೋರಮಂಡಲ್ ಸುತ್ತ 13 ದಿಬ್ಬಗಳಾಗಿ, ಸಾವಿರ ಎಕರೆಗೂ ಮಿಕ್ಕ ನೆಲದಲ್ಲಿ, ಸುಮಾರು 3.3 ಕೋಟಿ ಟನ್ನಿನಷ್ಟು ಬಿದ್ದಿದೆ.

ಈ ಪುಡಿ ಎಷ್ಟು ನುಣುಪು ಎಂಬುದರಲ್ಲೇ ಮುಂದಿನ ಕಥೆಯ ಅರ್ಧ ಇದೆ. ಕಲ್ಲಿನೊಳಗಿನ ಚಿನ್ನದ ಕಣಕ್ಕೆ ಸೈನೈಡ್ ದ್ರಾವಣ ತಾಗಬೇಕಾದರೆ ಕಲ್ಲನ್ನು ರಾಗಿ ಹಿಟ್ಟಿನಂತೆ ಬೀಸಬೇಕು. ಮಿಲ್ಲಿನಿಂದ ಹೊರಬರುತ್ತಿದ್ದ ಪುಡಿಯ ದೊಡ್ಡ ಪಾಲು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣದು. ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಪೇಟೆಂಟ್ ಪಡೆದ ಸೈನೈಡ್ ವಿಧಾನ ಮುಂದಿನ ದಶಕದಲ್ಲೇ ಕೋಲಾರಕ್ಕೆ ಬಂತು. ಸೈನೈಡ್ ಅನಿಲವಾಗಿ ಹಾರಿಹೋಗಬಾರದೆಂದು ತೊಟ್ಟಿಗೆ ಸುಣ್ಣ ಹಾಕಿ ದ್ರಾವಣದ ಪಿಹೆಚ್ (ಹುಳಿ, ಕ್ಷಾರಗಳ ಅಳತೆ) ಅನ್ನು 10ರ ಮೇಲೆ ಇಡುತ್ತಿದ್ದರು. ಹೀಗಾಗಿ ದಿಬ್ಬಕ್ಕೆ ಹೋದ ಕೆಸರು ಹೋಗುವಾಗ ಕ್ಷಾರವಾಗಿತ್ತು. ಹುಳಿ ಹುಟ್ಟಿದ್ದು ಆಮೇಲೆ, ಅದೂ ಎಲ್ಲ ದಿಬ್ಬಗಳಲ್ಲಿ ಒಂದೇ ಸಮನಾಗಿ ಅಲ್ಲ.

ಕಾರಣ ಅದಿರಿನಲ್ಲಿದೆ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿರುವ ಕೋಲಾರದ ಶಿಸ್ಟ್ ಶಿಲೆಯ ಪಟ್ಟಿಯಲ್ಲಿ ಚಿನ್ನ ಎರಡು ಬಗೆಯ ಅದಿರಿನ ಸಿರಗಳಲ್ಲಿ ಕೂತಿದೆ. ಹೆಸರುವಾಸಿಯಾದ ಚಾಂಪಿಯನ್ ಸಿರದಲ್ಲಿ ಬೆಣಚುಕಲ್ಲೇ ಹೆಚ್ಚು, ಗಂಧಕದ ಖನಿಜ ಕಡಿಮೆ. ಅದರ ಪಶ್ಚಿಮದ ಸಿರಗಳಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿದ ಪಿರೊಟೈಟ್, ಪೈರೈಟ್‌ಗಳೂ ಅವುಗಳ ಜೊತೆಗೆ ಆರ್ಸೆನಿಕ್ ಇರುವ ಆರ್ಸೆನೊಪೈರೈಟ್ ಕೂಡ ಇವೆ. ಯಾವ ದಿಬ್ಬಕ್ಕೆ ಯಾವ ಸಿರದ ಅದಿರು ಹೋಯಿತು ಎಂಬುದರ ಮೇಲೆ ಆ ದಿಬ್ಬದ ಗುಣ ನಿಂತಿದೆ. ಹದಿಮೂರನ್ನೂ ಒಂದೇ ಹೆಸರಿನಿಂದ ಕರೆಯುವುದು ಮಾತಿಗೆ ಸರಿ, ಪರೀಕ್ಷೆಗೆ ಸರಿಯಲ್ಲ.

ದಿಬ್ಬದಿಂದ ಹೊರಗೆ ಹೋಗಲು ಈ ಪುಡಿಗೆ ಇರುವುದು ಎರಡೇ ದಾರಿ, ಗಾಳಿ ಮತ್ತು ನೀರು. ಮಳೆ ಬಿದ್ದು ಒಣಗಿದಾಗ ದಿಬ್ಬದ ಮೈ ತೆಳುವಾಗಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಇರುವ ತನಕ ಬಿರುಗಾಳಿಯೂ ಹೆಚ್ಚೇನನ್ನೂ ಎಬ್ಬಿಸಲಾರದು. ಮೇಕೆಯ ಗೊರಸು, ಬೈಕಿನ ಚಕ್ರ, ಸಿನಿಮಾ ಹಾಡಿಗೆ ಕುಣಿಯುವವರ ಕಾಲು (ಈ ದಿಬ್ಬಗಳ ಮೇಲೆ ಚಿತ್ರೀಕರಣ ನಡೆಸುವ ಚಪಲ ಹೊಸದೇನಲ್ಲ), ಯಾವುದು ಹೆಪ್ಪನ್ನು ಒಡೆದರೂ ಕೆಳಗಿನ ಸಡಿಲ ಪುಡಿ ಬಯಲಾಗುತ್ತದೆ. ಆಗ ಮೊದಲು ಏಳುವುದು ಅತಿ ಸಣ್ಣ ಕಣಗಳಲ್ಲ. ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತುಸು ದಪ್ಪ ಕಣಗಳು ಗಾಳಿಗೆ ಪುಟಿದು ಬಿದ್ದು, ಬಿದ್ದ ಜಾಗದಲ್ಲಿ ಸಣ್ಣ ಕಣಗಳನ್ನು ಬಡಿದೆಬ್ಬಿಸುತ್ತವೆ. ದಪ್ಪದ್ದು ದಿಬ್ಬದ ಬುಡದಲ್ಲೇ ಕೂರುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸಣ್ಣದು ಗಾಳಿಯಲ್ಲಿ ತೇಲುತ್ತ ಮೈಲಿಗಟ್ಟಲೆ ಸಾಗುತ್ತದೆ.

ಆಷಾಢದ ಗಾಳಿ ಬೀಸುವುದು ಪಡುವಣದಿಂದ. ವರ್ಷದ ಅತಿ ಬಿರುಸಿನ ಗಾಳಿಯೂ ಅದೇ. ಆ ದಿನಗಳಲ್ಲಿ ಧೂಳು ದಿಬ್ಬದ ಮೂಡಣ ದಿಕ್ಕಿನ ಬೀದಿ, ಹೊಲಗಳಿಗೆ ಬೀಳುತ್ತದೆ. ಪಶ್ಚಿಮಕ್ಕಿರುವ ಬಂಗಾರಪೇಟೆ ಆಗ ಗಾಳಿಯ ಮೇಲ್ಬದಿಯಲ್ಲಿರುತ್ತದೆ. ಚಳಿಗಾಲದಲ್ಲಿ ಗಾಳಿ ತಿರುಗಿದರೂ ಅದರ ಬಿರುಸು ಕಡಿಮೆ. ಧೂಳಿನ ಲೆಕ್ಕ ಹಾಕುವವರು ಡಿಸೆಂಬರಿನ ಒಂದು ದಿನ ಯಂತ್ರ ಇಟ್ಟು ಎತ್ತಿಕೊಂಡು ಹೋದರೆ ಆ ವರದಿಗೆ ಬೆಲೆ ಇಲ್ಲ. ರಾಷ್ಟ್ರೀಯ ವಾಯುಗುಣಮಟ್ಟದ 2009ರ ಮಾನದಂಡದ ಪ್ರಕಾರ 10 ಮೈಕ್ರಾನಿಗಿಂತ ಸಣ್ಣ ಧೂಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು. ಆ ಧೂಳಿನಲ್ಲಿರುವ ಆರ್ಸೆನಿಕ್‌ಗೆ ಬೇರೆಯೇ ಮಿತಿ ಇದೆ: ವಾರ್ಷಿಕ ಸರಾಸರಿ ಘನ ಮೀಟರಿಗೆ 6 ನ್ಯಾನೋಗ್ರಾಂ. ಧೂಳನ್ನು ತೂಗುವುದು ಸುಲಭ. ಅದರೊಳಗೆ ಏನಿದೆ ಎಂದು ನೋಡುವುದಕ್ಕೆ ಖರ್ಚಾಗುತ್ತದೆ, ಆದ್ದರಿಂದ ಅದನ್ನು ಹೇಳಿಯೇ ಮಾಡಿಸಬೇಕು.

ತೇಲುವ ಧೂಳು ಬೋಳು ನೆಲಕ್ಕಿಂತ ಗಿಡಮರದ ಮೇಲೆ ಬೇಗ ಕೂರುತ್ತದೆ. ಎಲೆಯ ಮೈ ಎಷ್ಟು ಹೆಚ್ಚೋ, ಎಷ್ಟು ಒರಟೋ, ಹಿಡಿಯುವ ಧೂಳೂ ಅಷ್ಟು ಹೆಚ್ಚು. ಕೋಲಾರದ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ಮಣ್ಣು ಹಿಡಿದಿದ್ದರೆ ಹುಳು ಸರಿಯಾಗಿ ಮೇಯುವುದಿಲ್ಲ. ಮೇದರೂ ಸೊರಗುತ್ತದೆ, ಗೂಡಿನ ತೂಕ ಇಳಿಯುತ್ತದೆ. ಮಣ್ಣಿನ ಧೂಳಿಗೇ ಹೀಗಾದರೆ ಆರ್ಸೆನಿಕ್ ಸೇರಿದ ಕಲ್ಲಿನ ಪುಡಿ ಕೂತ ಸೊಪ್ಪನ್ನು ಎರಡು ಸಲ ಯೋಚಿಸಿ ಕೊಯ್ಯಬೇಕು. ಎಲೆಯ ಮೇಲಿನದು ಮಳೆಗೆ ತೊಳೆದು ಬುಡಕ್ಕೆ ಇಳಿಯುತ್ತದೆ. ಒಂದು ತೋಪಿನ ಅಂಚಿನ ಮರಗಳ ಕೆಳಗಿನ ಮಣ್ಣಿಗೆ ನಡುವಿನ ಮರಗಳ ಕೆಳಗಿನ ಮಣ್ಣಿಗಿಂತ ಹೆಚ್ಚು ಧೂಳು ಸೇರುವುದು ಹೀಗೆ.

ಗಾಳಿಯ ಕೊಳೆ ಮಣ್ಣನ್ನೂ ನೀರನ್ನೂ ಕೆಡಿಸುವ ಬಗೆಯನ್ನು ಜಗತ್ತು ಚೆನ್ನಾಗಿ ಕಲಿತದ್ದು ಯುರೋಪಿನ ಸೂಜಿಎಲೆ ಕಾಡುಗಳಲ್ಲಿ. ಕಾರ್ಖಾನೆ ಹೊಗೆಯ ಗಂಧಕ ಮಳೆಯನ್ನು ಆಮ್ಲವಾಗಿಸುತ್ತದೆ ಎಂದು ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲೇ ಬರೆದಿದ್ದ. ಒಂದು ದೇಶದ ಹೊಗೆ ಇನ್ನೊಂದು ದೇಶದ ಸರೋವರಗಳನ್ನು ಹುಳಿಯಾಗಿಸುತ್ತಿದೆ ಎಂದು ಸ್ವೀಡನ್ನಿನ ಸ್ವಾಂತೆ ಓಡೆನ್ 1960ರ ದಶಕದ ಕೊನೆಗೆ ಬಹಿರಂಗವಾಗಿ ಹೇಳಿದ. ಸ್ಪ್ರೂಸ್, ಪೈನ್ ಮರಗಳು ವರ್ಷವಿಡೀ ಹಸಿರಾಗಿರುತ್ತವೆ. ಅವುಗಳ ಲಕ್ಷಾಂತರ ಸೂಜಿಗಳು ಚಳಿಗಾಲದಲ್ಲೂ ಹೊಗೆ, ಮಂಜುಗಳಿಂದ ಗಂಧಕವನ್ನು ಸೋಸಿ ಹಿಡಿಯುತ್ತವೆ. ಉದುರಿದ ಸೂಜಿಗಳ ಗೊಬ್ಬರ ಮೊದಲೇ ಹುಳಿ. ಅದಕ್ಕೆ ಗಂಧಕಾಮ್ಲ ಸೇರಿದಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಡಿಲಗೊಂಡು ನೀರಿನ ಜೊತೆ ಹೋದವು. ಜರ್ಮನಿಯ ಸೋಲಿಂಗ್ ಬೆಟ್ಟಗಳಲ್ಲಿ ವರ್ಷಗಟ್ಟಲೆ ಅಳೆದು ನೋಡಿದ ಬರ್ನ್‌ಹಾರ್ಡ್ ಉಲ್ರಿಚ್ ಇದರ ಮೆಟ್ಟಿಲುಗಳನ್ನು ಬಿಡಿಸಿಟ್ಟ: ಮಣ್ಣಿನಲ್ಲಿ ಸುಣ್ಣ ಇರುವವರೆಗೆ ಅದು ಆಮ್ಲವನ್ನು ನುಂಗುತ್ತದೆ, ಅದು ತೀರಿದ ಮೇಲೆ ಶಿಲೆಯ ಖನಿಜಗಳು, ಆಮೇಲೆ ಕಣಕ್ಕೆ ಅಂಟಿದ ಪೋಷಕಗಳು, ಪಿಹೆಚ್ 4.2ರ ಕೆಳಗೆ ಬಂದಾಗ ಜೇಡಿಯೊಳಗಿನ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ. ಅದೇ ಅಲ್ಯೂಮಿನಿಯಂ ಹಳ್ಳಕ್ಕಿಳಿದು ಮೀನಿನ ಕಿವಿರಿಗೆ ಅಂಟಿತು. 1979ರಲ್ಲಿ ಜಿನೀವಾದಲ್ಲಿ ಗಡಿದಾಟುವ ವಾಯುಮಾಲಿನ್ಯದ ಒಪ್ಪಂದ ಆಯಿತು, ಹೊಗೆಯ ಗಂಧಕ ಇಳಿಯಿತು. ಕಳೆದುಕೊಂಡ ಕ್ಯಾಲ್ಸಿಯಂ ಮಾತ್ರ ಹಲವು ಕಡೆ ಇನ್ನೂ ಮಣ್ಣಿಗೆ ಪೂರ್ತಿ ಮರಳಿಲ್ಲ.

ಕೋಲಾರದಲ್ಲಿ ಅಂಥ ಕಾಡಿಲ್ಲ. ಇಲ್ಲಿರುವುದು ಕಾಮಸಮುದ್ರದ ಕಡೆಯ ಕುರುಚಲು ಕಾಡು, ನೀಲಗಿರಿ ತೋಪು, ಅಲ್ಲಲ್ಲಿ ಸೂಜಿಎಲೆಯಂತೆ ಕಾಣುವ ಸರ್ವೆ ಮರ. ಆಮ್ಲಮಳೆಯೂ ಇಲ್ಲಿನ ಸಮಸ್ಯೆಯಲ್ಲ. ಒಣ ನೆಲದ ಸುಣ್ಣದ ಅಂಶವಿರುವ ಧೂಳು ಗಾಳಿಯಲ್ಲೇ ಆಮ್ಲವನ್ನು ತಣಿಸುವುದರಿಂದ ನಮ್ಮ ದೇಶದ ಹೆಚ್ಚಿನ ಕಡೆ ಮಳೆನೀರು ಯುರೋಪಿನಲ್ಲಾದಷ್ಟು ಹುಳಿಯಾಗಿಲ್ಲ. ಯುರೋಪಿನಲ್ಲಿ ಆಮ್ಲ ಆಕಾಶದಿಂದ ಇಳಿಯಿತು; ಇಲ್ಲಿ ಅದು ದಿಬ್ಬದ ಹೊಟ್ಟೆಯಲ್ಲಿ ಹುಟ್ಟುತ್ತದೆ. ಮಣ್ಣಿನೊಳಗೆ ನಡೆಯುವ ರಸಾಯನ ಮಾತ್ರ ಎರಡೂ ಕಡೆ ಒಂದೇ. ಅಲ್ಲಿ ಅರ್ಧ ಶತಮಾನ ಅಳೆದು ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುವುದು ಈ ಕಾರಣಕ್ಕೆ.

ಅರೆದ ಪೈರೈಟ್, ಪಿರೊಟೈಟ್‌ಗಳಿಗೆ ಗಾಳಿಯ ಆಮ್ಲಜನಕವೂ ನೀರೂ ತಾಗಿದಾಗ ಗಂಧಕ ಗಂಧಕಾಮ್ಲವಾಗುತ್ತದೆ, ಕಬ್ಬಿಣ ತುಕ್ಕಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಈ ಕಬ್ಬಿಣ, ಗಂಧಕಗಳನ್ನೇ ಉಂಡು ಬದುಕುತ್ತ ಈ ಕೆಲಸವನ್ನು ಎಷ್ಟೋ ಪಟ್ಟು ಚುರುಕುಗೊಳಿಸುತ್ತವೆ. ಪುಡಿಯಲ್ಲಿ ಉಳಿದಿರುವ ಸುಣ್ಣ, ಕಾರ್ಬೊನೇಟ್ ಖನಿಜಗಳು ಆ ಆಮ್ಲವನ್ನು ತಕ್ಷಣ ತಣಿಸಿದರೆ ಸಿಗುವುದು ಜಿಪ್ಸಂ. ಬೇಸಿಗೆಯಲ್ಲಿ ಇಂಥ ದಿಬ್ಬದ ಕೊರಕಲುಗಳ ಪಕ್ಕದಲ್ಲಿ ಕೆರೆದರೆ ಕೈಗೆ ಹತ್ತುವ ಬಿಳಿ ಹುಡಿ ಬಹುಪಾಲು ಅದೇ: ದಿಬ್ಬದೊಳಗಿನ ತೇವ ಬಿಸಿಲಿಗೆ ಮೇಲಕ್ಕೆ ಜಗ್ಗಿ ಬಂದು, ನೀರು ಆವಿಯಾಗಿ ಉಪ್ಪು ಉಳಿದುಕೊಂಡದ್ದು. ಕಾರ್ಬೊನೇಟ್ ತೀರಿದ ಜಾಗದಲ್ಲಿ ಪುಡಿಯ ಬೂದುಬಣ್ಣ ಹೋಗಿ ಹಳದಿ, ಕಾವಿ ಬಣ್ಣ ತಿರುಗುತ್ತದೆ. ಬಣ್ಣ ತಿರುಗಿದ ಜಾಗ ಕಂಡರೆ ಪಿಹೆಚ್ ಕಾಗದ ಹಿಡಿದು ಮೊದಲು ಅಲ್ಲಿಗೆ ಹೋಗಬೇಕು.

ವರ್ಷಕ್ಕೆ ಹೆಚ್ಚುಕಡಿಮೆ 700 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಬೇಸಿಗೆ ಪೂರ್ತಿ ಹೊರಬಂದ ಉಪ್ಪು ಅಲ್ಲೇ ಕೂತು ಕಾಯುತ್ತದೆ. ಮುಂಗಾರಿಗೆ ಮುಂಚಿನ ಮೊದಲ ಒಂದೆರಡು ಹದಮಳೆ ಅದನ್ನು ಒಂದೇ ಏಟಿಗೆ ಕರಗಿಸಿ ಹಳ್ಳಕ್ಕೆ ಒಯ್ಯುತ್ತದೆ. ಆಗಸ್ಟಿನಲ್ಲಿ ಹಳ್ಳ ತುಂಬಿ ಹರಿಯುವಾಗ ತೆಗೆದ ನೀರಿನ ಮಾದರಿ ಚೊಕ್ಕಟ ಎನಿಸಬಹುದು. ಮೇ ತಿಂಗಳ ಮೊದಲ ಹರಿವಿನ ನೀರು ಬೇರೆಯೇ ಮಾತಾಡೀತು. ನೀರುಗಂಟಿಗಳು ಬಾಟಲಿ ತುಂಬಿಸಿಕೊಳ್ಳಬೇಕಾದದ್ದು ಆ ಮೊದಲ ಮಳೆಯ ದಿನ. ಪ್ರಯೋಗಾಲಯದವರು ಬರುವ ದಿನಕ್ಕೆ ಕಾದರೆ ತಪ್ಪಿಹೋಗುತ್ತದೆ.

ಆರ್ಸೆನಿಕ್‌ನ ನಡತೆ ಉಪ್ಪಿನಂತಲ್ಲ. ಆರ್ಸೆನೊಪೈರೈಟ್ ಒಡೆದಾಗ ಅದು ಬಿಡುಗಡೆಯಾಗುತ್ತದೆ, ಆದರೆ ಬಹುದೂರ ಹೋಗುವುದಿಲ್ಲ. ಪಕ್ಕದಲ್ಲೇ ಇರುವ ಕಬ್ಬಿಣದ ತುಕ್ಕು ಅದನ್ನು ಹಿಡಿದುಕೊಳ್ಳುತ್ತದೆ. ಕೋಲಾರದ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಹೊಲಕ್ಕೆ ಧೂಳಿನ ಜೊತೆ ಬಂದ ಆರ್ಸೆನಿಕ್ ಅದಕ್ಕೆ ಅಂಟಿ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಒಣಬೇಸಾಯದ ರಾಗಿ, ಅವರೆಗಳಿಗೆ ಇದೊಂದು ಮಟ್ಟದ ರಕ್ಷಣೆ. ಗಾಳಿಯಿಂದ ಬಂದದ್ದು ಎಂದು ತೋರಿಸಿಕೊಡುವ ದಾರಿಯೂ ಇದರಲ್ಲೇ ಇದೆ: ಉಳದ ಜಾಗದಲ್ಲಿ, ಬದುವಿನ ಮೇಲೆ ಅಥವಾ ತೋಪಿನಲ್ಲಿ, ಮೇಲಿನ ಎರಡು ಸೆಂಟಿಮೀಟರ್ ಮಣ್ಣನ್ನೂ ಅದೇ ಜಾಗದ ಒಂದಡಿ ಕೆಳಗಿನ ಮಣ್ಣನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಮೇಲೆ ಹೆಚ್ಚಿದ್ದು, ಕೆಳಗೆ ಕಡಿಮೆಯಿದ್ದು, ದಿಬ್ಬದಿಂದ ದೂರ ಹೋದಂತೆ ಮೇಲಿನದೂ ಇಳಿಯುತ್ತ ಹೋದರೆ ಅದು ಹಾರಿ ಬಂದದ್ದು. ಮೇಲೆ ಕೆಳಗೆ ಒಂದೇ ಇದ್ದರೆ ಆ ನೆಲದ ಕಲ್ಲಿನದೇ ಗುಣ ಇರಬಹುದು; ಅದಿರಿನ ಪಟ್ಟಿಯ ಮೇಲೆ ಕೂತ ಊರುಗಳಲ್ಲಿ ಇದನ್ನು ಮರೆಯಬಾರದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಿಂದ ಇದು ತಿಳಿಯುವುದಿಲ್ಲ. ಅದಕ್ಕೆ ಮಣ್ಣು ತೆಗೆಯುವುದು ನೇಗಿಲಿನ ಆಳದವರೆಗೂ ಬೆರೆಸಿ. ನೋಡುವ 12 ಅಂಶಗಳಲ್ಲಿ ಆರ್ಸೆನಿಕ್ ಇಲ್ಲ. ಚೀಟಿಯಲ್ಲಿ ಎಲ್ಲ ಸರಿ ಎಂದು ಬಂದಿದೆ ಎಂಬುದು ದಿಬ್ಬದ ವಿಷಯದಲ್ಲಿ ಉತ್ತರವಾಗದು.

ಕಬ್ಬಿಣದ ಈ ಹಿಡಿತ ಸಡಿಲವಾಗುವ ಜಾಗ ಕೆರೆಯ ತಳ. ಕೊಳಚೆ, ಎಲೆಗಸ ಸೇರಿ ಕೆಸರಿನಲ್ಲಿ ಆಮ್ಲಜನಕ ಮುಗಿದಾಗ ತುಕ್ಕು ಕರಗುತ್ತದೆ. ಅದು ಹಿಡಿದಿಟ್ಟಿದ್ದ ಆರ್ಸೆನಿಕ್ ಕೂಡ ನೀರಿಗೆ ಬರುತ್ತದೆ. ರಸಗೊಬ್ಬರದ, ಕೊಳಚೆಯ ರಂಜಕವೂ ತುಕ್ಕಿನ ಮೇಲಿನ ಅದೇ ಜಾಗಕ್ಕೆ ಪೈಪೋಟಿ ಮಾಡಿ ಆರ್ಸೆನಿಕ್ ಅನ್ನು ಹೊರತಳ್ಳಬಲ್ಲದು. ನೀರು ನಿಲ್ಲಿಸಿ ಬೆಳೆಯುವ ಭತ್ತ ರಾಗಿಗಿಂತ ಹೆಚ್ಚು ಆರ್ಸೆನಿಕ್ ಎಳೆದುಕೊಳ್ಳುವುದಕ್ಕೂ ಆಮ್ಲಜನಕ ಮುಗಿದ ಕೆಸರೇ ಕಾರಣ. ಆದ್ದರಿಂದ ದಿಬ್ಬದ ನೀರು ಬರುವ ಕೆರೆಗೆ ಊರಿನ ಚರಂಡಿಯನ್ನು ತಿರುಗಿಸುವುದು ಒಂದು ತಪ್ಪಿಗೆ ಇನ್ನೊಂದನ್ನು ಕೂಡಿಸಿದಂತೆ. ಹೂಳೆತ್ತುವಾಗಲೂ ಎಚ್ಚರ ಬೇಕು. ಹಳೆಯ ಮೈಸೂರು ಸೀಮೆಯ ರೈತರು ಕೆರೆಗೋಡನ್ನು ಹೊಲಕ್ಕೆ ಹೊಡೆದುಕೊಳ್ಳುವುದು ಬಹಳ ಒಳ್ಳೆಯ ಪದ್ಧತಿ. ಆದರೆ ದಿಬ್ಬದ ಕೆಳಗಿನ ಕೆರೆಯ ಗೋಡಿನಲ್ಲಿ ಜೇಡಿಗಿಂತ ದಿಬ್ಬದ ಪುಡಿಯೇ ಹೆಚ್ಚಿರಬಹುದು. ಒದ್ದೆಗೋಡನ್ನು ಬೆರಳಲ್ಲಿ ಉಜ್ಜಿದಾಗ ಜಿಗುಟಿಲ್ಲದೆ ಬರೀ ನುಣ್ಣಗೆ ಜಾರಿದರೆ ಟ್ರ್ಯಾಕ್ಟರ್ ನಿಲ್ಲಿಸಿ ಮಾದರಿ ಕಳಿಸುವುದು ಲೇಸು.

ಈ ನೆಲದ ಮೂಡಣ ಇಳಿಜಾರಿನ ನೀರು ಹೋಗುವುದು ಪಾಲಾರ್ ಕಡೆಗೆ. ಬೇತಮಂಗಲದ ಪಾಲಾರ್ ಕೆರೆಯಿಂದಲೇ ಒಂದು ಕಾಲದಲ್ಲಿ ಗಣಿಗಳಿಗೂ ಗಣಿಯ ಊರಿಗೂ ನೀರು ಬರುತ್ತಿತ್ತು. ಹೊಳೆ ಮುಂದೆ ರಾಮಸಾಗರ ದಾಟಿ ಆಂಧ್ರಕ್ಕೂ ತಮಿಳುನಾಡಿಗೂ ಇಳಿಯುತ್ತದೆ. ದಿಬ್ಬದ ಮಾತು ಒಂದು ತಾಲೂಕಿಗೆ ಮುಗಿಯುವುದಿಲ್ಲ.

ಇಷ್ಟು ಹೊತ್ತಾದರೂ ಸೈನೈಡಿನ ಅಪಾಯದ ಮಾತು ಬರಲಿಲ್ಲ ಎಂದು ಓದುಗರಿಗೆ ಅನಿಸಿರಬಹುದು. ದಿಬ್ಬಗಳ ಬಗ್ಗೆ ಜನರ ಭಯವೆಲ್ಲ ಅದರದೇ, ನಿಜವಾದ ಅಪಾಯದಲ್ಲಿ ಅದರ ಪಾಲು ಕಡಿಮೆ. ಪಿಹೆಚ್ 9ರ ಕೆಳಗೆ ಇಳಿದೊಡನೆ ನೀರಿನಲ್ಲಿರುವ ಬಿಡಿ ಸೈನೈಡ್ ಹೈಡ್ರೋಜನ್ ಸೈನೈಡ್ ಆಗಿ ಸ್ವಲ್ಪಸ್ವಲ್ಪವೇ ಗಾಳಿಗೆ ಹಾರುತ್ತದೆ. ಉಳಿದದ್ದನ್ನು ಬಿಸಿಲೂ ಸೂಕ್ಷ್ಮಜೀವಿಗಳೂ ಒಡೆಯುತ್ತವೆ. ಗಣಿ ಮುಚ್ಚಿ ಎರಡು ದಶಕ ಕಳೆದ ಮೇಲೆ ದಿಬ್ಬದ ಮೇಲ್ಪದರದಲ್ಲಿ ಅದನ್ನು ಹುಡುಕುವುದು ಹೆಚ್ಚುಮಟ್ಟಿಗೆ ವ್ಯರ್ಥ. ಕಬ್ಬಿಣದೊಡನೆ ಗಟ್ಟಿಯಾಗಿ ಕೂಡಿಕೊಂಡ ಸೈನೈಡ್ ಮಾತ್ರ ಆಳದಲ್ಲಿ ಬಹುಕಾಲ ಉಳಿಯುತ್ತದೆ. ಅಲ್ಲಿ ಅದು ತಣ್ಣಗಿರುತ್ತದೆ. ಬಿಸಿಲಿಗೆ ಬಂದಾಗ ನಿಧಾನವಾಗಿ ಬಿಡಿ ಸೈನೈಡನ್ನು ಬಿಡುತ್ತದೆ. ಅಗೆಯದೆ ಬಿಟ್ಟ ದಿಬ್ಬಕ್ಕೂ ಅಗೆದ ದಿಬ್ಬಕ್ಕೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು.

ಶ್ವಾಸಕೋಶದ ಮಾತನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬೆಣಚುಕಲ್ಲಿನ ಸಣ್ಣ ಧೂಳು ಸಿಲಿಕೋಸಿಸ್ ತರುತ್ತದೆ ಎಂಬುದನ್ನು ಕೆಜಿಎಫ್‌ಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರತದಲ್ಲಿ ಆ ಕಾಯಿಲೆಯ ಮೊದಮೊದಲ ದಾಖಲೆಗಳು ಬಂದದ್ದೇ 1940ರ ದಶಕದ ಈ ಗಣಿಗಳಿಂದ. ಸುರಂಗದ ಧೂಳಿನಷ್ಟು ದಟ್ಟವಾಗಿ ಬಯಲಿನ ಧೂಳು ಎಂದೂ ಇರುವುದಿಲ್ಲ, ಆದರೆ ಅದನ್ನು ಉಸಿರಾಡುವವರಲ್ಲಿ ಕೂಸುಗಳೂ ಇವೆ.

ಎಲ್ಲ ಕೇಡನ್ನೂ ದಿಬ್ಬದ ತಲೆಗೆ ಕಟ್ಟುವುದೂ ತಪ್ಪು. ಸಾವಿರ ಅಡಿ ದಾಟಿದ ಕೊಳವೆಬಾವಿಯ ಫ್ಲೋರೈಡ್ ಬರುವುದು ಕಗ್ಗಲ್ಲಿನಿಂದ. ನೈಟ್ರೇಟ್ ಬರುವುದು ಗೊಬ್ಬರ ಮತ್ತು ಶೌಚದ ಗುಂಡಿಗಳಿಂದ. ದಿಬ್ಬದ ಗುರುತು ಸಲ್ಫೇಟ್ ಮತ್ತು ಆರ್ಸೆನಿಕ್ ಜೊತೆಜೊತೆಯಾಗಿ ಏರುವುದು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಸೈನೈಡ್ 0.05, ಸಲ್ಫೇಟ್ 200, ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಪಿಹೆಚ್ 6.5ರಿಂದ 8.5ರ ನಡುವೆ ಇರಬೇಕು. ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್‌ನಲ್ಲಿ ಪಿಹೆಚ್, ಫ್ಲೋರೈಡ್, ನೈಟ್ರೇಟ್ ತಿಳಿದೀತು. ಆರ್ಸೆನಿಕ್‌ಗೆ ಬೇರೆ ಕಿಟ್ ಅಥವಾ ಪ್ರಯೋಗಾಲಯ ಬೇಕು.

ಗಿಡ ನೆಟ್ಟರೆ ಸಾಕೇ ಎಂಬ ಪ್ರಶ್ನೆ ಎಲ್ಲ ಸಭೆಗಳಲ್ಲೂ ಏಳುತ್ತದೆ. ಸಾಲಾಗಿ ಬೆಳೆದ ಮರಗಳು ತಮ್ಮ ಎತ್ತರದ ಹತ್ತು ಹದಿನೈದು ಪಟ್ಟು ದೂರದವರೆಗೆ ಗಾಳಿಯ ಬಿರುಸನ್ನು ತಗ್ಗಿಸಬಲ್ಲವು. ದಿಬ್ಬದ ಮೂಡಣಕ್ಕೆ ಸರ್ವೆ, ಹೊಂಗೆ, ಬೇವಿನ ಸಾಲು ಇದ್ದರೆ ಧೂಳಿನ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ದಿಬ್ಬದ ಮೈಮೇಲೆ ನೆಡುವುದು ಬೇರೆ ಕೆಲಸ. ಅಲ್ಲಿ ಗೊಬ್ಬರದ ಅಂಶವೂ ಇಲ್ಲ, ಸಾರಜನಕವೂ ಇಲ್ಲ. ಮೊದಲು ಸಗಣಿಗೊಬ್ಬರ ಬೆರೆಸಿದ ಮಣ್ಣಿನ ಪದರ, ಹುಳಿ ಇರುವಲ್ಲಿ ಸುಣ್ಣ, ಅದರ ಮೇಲೆ ಹುಲ್ಲು; ಮರ ಆಮೇಲೆ. ಮೇಕೆ ಮೇಯುವ ಗಿಡವನ್ನು ಅಲ್ಲಿ ಬೆಳೆಸಬಾರದು. ಎಲೆಯ ಧೂಳು ಹಾಲಿಗೂ ಮಾಂಸಕ್ಕೂ ದಾರಿ ಹಿಡಿಯಬಹುದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ಹಳೆಯ ಯೋಜನೆಗಳ ಪಟ್ಟಿಯನ್ನು ಹಾಗೇ ನಕಲು ಮಾಡಿದವರು ಅದನ್ನು ಮತ್ತೆ ಸೇರಿಸದಂತೆ ನೋಡಬೇಕು.

ಈ ಪತ್ರಕ್ಕೆ ಅವಸರ ಬಂದಿರುವುದು ದಿಬ್ಬಗಳು ಮತ್ತೆ ಕದಲುವ ಸೂಚನೆಯಿಂದ. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದ್ದರೂ ಈಗಿನ ಬೆಲೆಗೆ ಅದು ಗಿಟ್ಟುತ್ತದೆ. 13 ದಿಬ್ಬಗಳ 1,003.4 ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಿಂದ ಕೆಲಸ ಸಿಗಬಹುದು, ಸರಿಯಾಗಿ ಮಾಡಿದರೆ ದಿಬ್ಬಗಳೇ ಸುರಕ್ಷಿತ ಜಾಗಕ್ಕೆ ಹೋಗಲೂಬಹುದು. ಆದರೆ ಅಗೆದ ದಿನವೇ ಹೆಪ್ಪು ಒಡೆಯುತ್ತದೆ, ಒಳಗೆ ಗಾಳಿ ಕಾಣದೆ ಇದ್ದ ಸಲ್ಫೈಡ್ ಗಾಳಿ ಕಾಣುತ್ತದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆಯ ದಿನಕ್ಕೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಆ ದಿನ ಪಂಚಾಯಿತಿಗಳ ಕೈಯಲ್ಲಿ ತಮ್ಮದೇ ಅಂಕಿ ಇಲ್ಲದಿದ್ದರೆ ಕಂಪನಿಯ ಅಂಕಿಯೇ ಅಂಕಿ. ಒಂದು ವರ್ಷದ ಮೊದಲ ಮಳೆಯ ಹರಿವಿನ ನೀರು, ಆಷಾಢದ ಗಾಳಿಯ ಧೂಳು, ಪ್ರತಿ ದಿಬ್ಬದ ನಾಲ್ಕು ದಿಕ್ಕಿನ ಮೇಲ್ಮಣ್ಣು ಮತ್ತು ಒಳಮಣ್ಣು, ಹೋಲಿಕೆಗೆ ದಿಬ್ಬದಿಂದ ದೂರದ ಬೂದಿಕೋಟೆಯ ಮಾರ್ಕಂಡೇಯ ಜಲಾಶಯದ ನೀರು: ಇವುಗಳನ್ನು ಮೊದಲ ಯಂತ್ರ ದಿಬ್ಬ ಹತ್ತುವ ಮೊದಲೇ ತೆಗೆದು, ತಾರೀಕು ಬರೆದು, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ವರದಿಯನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಿಡಬೇಕು.